ಎದುರಂಗಡಿ ಮುಚ್ಚಿದ ವರ್ಷ

ನಮ್ಮ ಮನೆಯಲ್ಲಿ ವಿಮಾನದ ಟಿಕೆಟನ್ನು ಸೀರೆ ಕೊಂಡ ಹಾಗೆ ಕೊಳ್ಳುತ್ತಿದ್ದರು. ಕೊಳ್ಳುತ್ತಿದ್ದವರು ನನ್ನ ಅತ್ತೆ. ನಾರಾಯಣಪೇಟೆಯಲ್ಲಿ ನಮ್ಮದು ಮುಂದಿನ ಕೋಣೆಯೇ ಅಂಗಡಿಯಾಗಿರುವ ಮನೆ. ಮಾವನವರು ನೇಕಾರರ ಮನೆಗಳಿಂದ ಸೀರೆ ತಂದು ಮಾರುತ್ತಾರೆ, ನನ್ನ ಗಂಡ ಮಾಲು ತೋರಿಸಲು ಊರೂರು ತಿರುಗುತ್ತಾರೆ, ನಾನು ಮಡಿಚಿ ಜೋಡಿಸುತ್ತೇನೆ. ಕೊಡುವುದು, ಕೊಳ್ಳುವುದು ನಮಗೆ ಹೊಸದಲ್ಲ. ಆದರೂ ಅತ್ತೆಯ ಹಾಗೆ ಕೊಳ್ಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೊಳ್ಳಲು ಹೋದ ಅಂಗಡಿಯ ಗಾದಿಯ ಮೇಲೆ ಕೂತು ಅವರು ಹೆಚ್ಚು ಮಾತಾಡುವುದಿಲ್ಲ. ತಮ್ಮ ಧಾರಣೆ ಒಂದು ಸಲ ಹೇಳುತ್ತಾರೆ. ಅಂಗಡಿಯವನು ಒಪ್ಪದಿದ್ದರೆ ಸೆರಗು ಸರಿಮಾಡಿಕೊಂಡು ಎದ್ದುಬಿಡುತ್ತಾರೆ. ಚಪ್ಪಲಿ ಮೆಟ್ಟುವುದು ಮಾತ್ರ ಬಲು ನಿಧಾನ. ಒಂದು ಕಾಲಿಗೆ ಹಾಕಿ, ರಸ್ತೆಯ ಆಚೆಯ ಅಂಗಡಿಯನ್ನು ಒಮ್ಮೆ ನೋಡಿ, ಇನ್ನೊಂದು ಕಾಲಿಗೆ ಹಾಕುವಷ್ಟರಲ್ಲಿ ಹಿಂದಿನಿಂದ "ಬರ್ರಿ ಅವ್ವಾರ, ಬರ್ರಿ" ಎಂಬ ಕೂಗು ಬರಬೇಕು. ನಾನು ಮದುವೆಯಾಗಿ ಬಂದ ಹೊಸದರಲ್ಲೇ ಅವರು ನನಗೆ ಇದನ್ನು ಹೇಳಿಕೊಟ್ಟಿದ್ದರು. "ಕರದ್ರಂದ್ರ ಇನ್ನಾ ಇಳಿಸ್ತಾನ ಅಂತ ತಿಳ್ಕೊ. ಕರೀಲಿಲ್ಲಂದ್ರ ಧಾರಣಿ ಖರೇನ ಅಷ್ಟ ಐತಿ. ಆದ್ರ ಎದುರಿಗೆ ಇನ್ನೊಂದು ಅಂಗಡಿ ಇರಬೇಕು ನೋಡವ್ವ. ಅದಿಲ್ಲಂದ್ರ ನೀ ಎದ್ದು ಎಲ್ಲಿಗೆ ಹೋಗ್ತಿ?"

ಅತ್ತೆಯ ತವರು ಗದ್ವಾಲ. ಅವರ ಒಬ್ಬಳೇ ತಂಗಿಯನ್ನು ಸೂರತ್ತಿಗೆ ಕೊಟ್ಟಿದ್ದರು. ಪವರ್‌ಲೂಮಿನ ಕೆಲಸಕ್ಕೆಂದು ನಮ್ಮ ಕಡೆಯ ನೇಕಾರರು ಬಹಳ ಮಂದಿ ಹಿಂದೆಯೇ ಅಲ್ಲಿಗೆ ಹೋಗಿ ನೆಲೆಸಿದ್ದಾರೆ. ವರ್ಷಕ್ಕೊಮ್ಮೆ ಅಕ್ಕ ಹೋಗಿ ತಂಗಿಯ ಉಡಿ ತುಂಬಿ ಬರುವುದು ನಡೆದುಬಂದ ಪದ್ಧತಿ. ಮೊದಲೆಲ್ಲ ರೈಲಿನಲ್ಲೇ ಹೋಗುತ್ತಿದ್ದರು. ಸೊಂಟದ ಆಪರೇಷನ್ ಆದಮೇಲೆ ರಾತ್ರಿಯಿಡೀ ರೈಲಿನಲ್ಲಿ ಕೂರುವುದು, ಓಲಾಡುವ ಬೋಗಿಯಲ್ಲಿ ಶೌಚಕ್ಕೆ ಹೋಗಿಬರುವುದು ಅವರಿಂದ ಆಗದಾಯಿತು. ಪದ್ಧತಿ ನಿಂತೇ ಹೋಗುತ್ತಿತ್ತು. ಅಷ್ಟರಲ್ಲಿ ಹೈದರಾಬಾದಿನಿಂದ ಸೂರತ್ತಿಗೆ ನೇರವಾಗಿ ಹೋಗುವ ಅಗ್ಗದ ವಿಮಾನಗಳು ಬಂದವು. ಒಂದಲ್ಲ, ಎರಡು ಕಂಪನಿಯವು.

ಅಗ್ಗದ ವಿಮಾನವೆಂದರೆ ಒಳಗೆ ಏನೂ ಕೊಡುವುದಿಲ್ಲ ಎಂದು ಕೇಳಿ ತಿಳಿದಿದ್ದೆವು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೋಗುತ್ತಿದ್ದೆವು. ನಾನು ಅವರ ಜೊತೆಗೆ, ಕೈಹಿಡಿದು ಮೆಟ್ಟಿಲು ಹತ್ತಿಸುವುದಕ್ಕೆ. ಒಂದು ಕಂಪನಿಯ ಹುಡುಗಿ ಕೇಳಿದ ಕೂಡಲೇ ಕಾಗದದ ಲೋಟದಲ್ಲಿ ನೀರು ತಂದುಕೊಟ್ಟಳು. ಇನ್ನೊಂದರಲ್ಲಿ ಎರಡು ಸಲ ಕೇಳಿದಮೇಲೆ ಬಂತು. ಅಂದಿನಿಂದ ಅತ್ತೆಯ ಬಾಯಲ್ಲಿ ಒಂದು "ನೀರಿನ ವಿಮಾನ", ಇನ್ನೊಂದು "ಒಣ ವಿಮಾನ". ಕಂಪನಿಗಳ ನಿಜವಾದ ಹೆಸರು ಅವರಿಗೆ ಬೇಕಾಗಿರಲಿಲ್ಲ.

ಟಿಕೆಟ್ ತೆಗೆಸುತ್ತಿದ್ದುದು ಮಕ್ತಲದಲ್ಲಿ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ತಮ್ಮನ ಝೆರಾಕ್ಸ್ ಅಂಗಡಿಯಿದೆ. ಪಹಣಿ, ಆಧಾರ್, ಬಸ್ಸಿನ ಟಿಕೆಟ್, ವಿಮಾನದ ಟಿಕೆಟ್, ಎಲ್ಲ ಅಲ್ಲೇ. ಫೋನಿನಲ್ಲಿ ಹೇಳಿದರೆ ಆಗುವ ಕೆಲಸ, ಆದರೆ ಅತ್ತೆ ಒಪ್ಪುತ್ತಿರಲಿಲ್ಲ. ಕೊಳ್ಳುವುದನ್ನು ಎದುರಿಗೆ ಕೂತೇ ಕೊಳ್ಳಬೇಕು. ಬಸ್ಸಿನಲ್ಲಿ ಮಕ್ತಲಕ್ಕೆ ಹೋಗಿ ಕಂಪ್ಯೂಟರಿನ ಮುಂದೆ ಸ್ಟೂಲಿನ ಮೇಲೆ ಕೂರುತ್ತಿದ್ದೆವು. ತಮ್ಮ ನೀರಿನ ವಿಮಾನದ ದರ ತೋರಿಸಿದರೆ ಅತ್ತೆ "ಬ್ಯಾಡ, ಮುಚ್ಚು" ಅನ್ನುವರು. ಒಣ ವಿಮಾನದ್ದು ತೆರೆಸಿ, ಅದನ್ನೂ ಮುಚ್ಚಿಸಿ, ಚಪ್ಪಲಿ ಮೆಟ್ಟಿ ಊರಿಗೆ ಹೊರಡುವರು. ಕೆಲವು ದಿನಗಳಲ್ಲಿ ತಮ್ಮನ ಫೋನು ಬರುತ್ತಿತ್ತು, ಒಬ್ಬರು ಇಳಿಸಿದ್ದಾರೆ, ಅವರನ್ನು ನೋಡಿ ಇನ್ನೊಬ್ಬರೂ ಇಳಿಸಿದ್ದಾರೆ ಎಂದು.

"ಕರದ್ರು ನೋಡು!" ಅತ್ತೆಯ ಮುಖ ಅರಳುತ್ತಿತ್ತು.

"ಅತ್ತ್ಯಾರ, ಆ ಮಾಲಕಗ ನಿಮ್ಮ ಮಾರೀನ ಗೊತ್ತಿಲ್ರಿ," ಎಂದು ತಮ್ಮ ನಗುತ್ತಿದ್ದ.

"ಗೊತ್ತಿಲ್ಲಂದ್ರ ಯಾಕ ಇಳಿಸ್ದಾ? ನಿನ್ನ ಮಾರಿ ನೋಡೇನು?"

ಹೀಗೆ ಕೆಲವು ವರ್ಷ ನಡೆಯಿತು. ಒಂದು ಉಗಾದಿ ಆದಮೇಲೆ ಸೂರತ್ತಿನಿಂದ ಫೋನು ಬಂತು. ಅತ್ತೆಯ ಆ ತಂಗಿಗೆ, ನನ್ನ ಚಿಕ್ಕತ್ತೆಗೆ, ಸಕ್ಕರೆ ಕಾಯಿಲೆ ಹಳೆಯದು. ಒಂದು ಕಣ್ಣು ಮೊದಲೇ ಹೋಗಿತ್ತು. ಈಗ ಇನ್ನೊಂದು ಕಣ್ಣಿನ ಒಳಪರದೆಯೂ ಕೆಟ್ಟಿದೆ, ಇರುವ ಬೆಳಕು ದೀಪಾವಳಿಯವರೆಗೆ ಉಳಿದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರಂತೆ. ಅತ್ತೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಫೋನು ಹಿಡಿದಿದ್ದರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳುತ್ತಿತ್ತು.

"ಅಕ್ಕಾ, ಒಮ್ಮೆ ಬಂದು ಮಾರಿ ತೋರಿಸಿ ಹೋಗ. ಆಮ್ಯಾಲ ಎಷ್ಟು ದಿನ ಬದುಕಿದ್ರೂ ನಿನ್ನ ದನಿ ಅಷ್ಟ ನನಗ."

"ಹುಚ್ಚಿ, ವಿಡಿಯೋ ಹಚ್ಚು, ಈಗ ತೋರಿಸ್ತೀನಿ."

"ಅದ್ರಾಗ ನೀ ಒಂದು ಬೆಳಕಿನ ಬಿಲ್ಲಿ ಇದ್ದಂಗ ಕಾಣ್ತಿ. ಮೂಗು ಇಲ್ಲ, ಬಾಯಿ ಇಲ್ಲ. ಬಯ್ಯೋದು ಮಾತ್ರ ಬರೋಬ್ಬರಿ ಕೇಳ್ತೈತಿ."

ಇಬ್ಬರೂ ನಕ್ಕರು. ಫೋನು ಇಟ್ಟಮೇಲೆ, ಮರುದಿನವೇ ಮಕ್ತಲಕ್ಕೆ ಹೋಗುವುದೆಂದು ಅತ್ತೆ ಗೊತ್ತುಮಾಡಿದರು.

ಆ ಮರುದಿನವೇ ಬೆಳಿಗ್ಗೆ ಮಾವ ತೆಲುಗು ಪೇಪರು ಓದುತ್ತ ಕೂತವರು ನಮ್ಮನ್ನು ಕರೆದರು. ಆ ಎರಡು ಅಗ್ಗದ ಕಂಪನಿಗಳು ಕೂಡಿ ಒಂದಾಗುತ್ತಿವೆ ಎಂಬ ಸುದ್ದಿ ಬಂದಿತ್ತು. ಪ್ರಯಾಣಿಕರಿಗೆ ಇದರಿಂದ ಅನುಕೂಲವೇ ಆಗುತ್ತದೆ ಎಂದು ಕಂಪನಿಯವರು ಹೇಳಿಕೊಂಡಿದ್ದರು.

ಈ ಸುದ್ದಿಯನ್ನು ನಾವು ತಿಳಿದುಕೊಂಡದ್ದು ಸೀರೆ ಅಂಗಡಿಯವರ ಬುದ್ಧಿಯಿಂದ. ಬೇರೆ ಯಾರಾದರೂ ಹಾಗೆ ತಿಳಿಯುತ್ತಿದ್ದರೋ ಇಲ್ಲವೋ. ಹಿಂದೊಮ್ಮೆ ನಮ್ಮ ಚೌಕದಲ್ಲಿ ಎದುರಾಬದುರು ಇದ್ದ ಎರಡು ಸೀರೆ ಅಂಗಡಿಯವರು ಮಕ್ಕಳ ಮದುವೆ ಮಾಡಿಕೊಂಡು ಬೀಗರಾದರು, ಆಮೇಲೆ ಅಂಗಡಿಗಳನ್ನೂ ಕೂಡಿಸಿದರು. ಇಬ್ಬರ ಮಾಲು ಒಂದೇ ಕಡೆ ಹಿಡಿಸದೆ, ಕೂಡಿಸುವ ಮೊದಲು ಹಳೆಯ ಸೀರೆಗಳನ್ನೆಲ್ಲ ಇಳಿಸಿ ಮಾರಿದ್ದರು. ಧನ್ವಾಡ, ಮಕ್ತಲದ ಹೆಂಗಸರೂ ಬಂದು ಮುಗಿಬಿದ್ದಿದ್ದರು. ಅತ್ತೆಯ ಬೀರುವಿನಲ್ಲಿ ಆ ಸೀರೆಗಳು ಇವತ್ತಿಗೂ ಇವೆ.

"ಹಂಗಾದ್ರ ಈಗ ಟಿಕೆಟ್ ತಗೀಬಾರದು," ಅಂದರು ಅತ್ತೆ. "ಕೂಡಾಕತ್ತಾರಂದ್ರ ಇಬ್ಬರ ಮಾಲೂ ಖಾಲಿ ಮಾಡಬೇಕಲ್ಲ. ಇಳೀತೈತಿ. ತಡೀರಿ."

ಮಾವ ಕನ್ನಡಕ ತೆಗೆದರು. "ಸೀರಿ ಇಳಿದದ್ದು ಅಷ್ಟ ನಿನಗ ನೆಪ್ಪೈತಿ. ಆಮ್ಯಾಲ ಏನಾತು ಅದನ್ನೂ ಹೇಳು."

"ಏನಾತು?"

"ನೇಕಾರ ಸೀರಿ ಬಗಲಾಗ ಇಟ್ಕೊಂಡು ಈ ಅಂಗಡ್ಯಾಗ ಕೇಳಿ, ಎದುರಿನ ಅಂಗಡ್ಯಾಗ ಕೇಳಿ, ಹೆಚ್ಚು ಕೊಟ್ಟವಗ ಕೊಡ್ತಿದ್ದ. ಕೂಡಿದ ಮ್ಯಾಲ ಎರಡೂ ಬಾಗಿಲದಾಗ ಒಂದ ಮಾತು. ಮಜೂರಿ ಅಲ್ಲೇ ನಿಂತುಬಿಡ್ತು. ಕೊಳ್ಳಾಕ ಬಂದವರಿಗೂ ಅಷ್ಟ, ಹಬ್ಬ ಆದಮ್ಯಾಲ ಒಬ್ಬರಿಗೂ ಇಳಿಸಲಿಲ್ಲ ಅವರು."

"ಅದು ಆಮ್ಯಾಲಿನ ಮಾತು. ನಾ ಇಳಿದಾಗ ತಗೊಂಡು ಹೋಗಿಬರ್ತೀನಿ. ಆಮ್ಯಾಲ ಏರಿದ್ರ ನನಗೇನು?"

ಅದು ಸರಿಯೆಂದೇ ನಮಗೆಲ್ಲ ತೋರಿತು. ಮಾವ ಕೂಡ ಕನ್ನಡಕ ಹಾಕಿಕೊಂಡು ಪೇಪರಿಗೆ ತಿರುಗಿದರು.

ಮುಂಗಾರು ಶುರುವಾದಾಗ ಒಮ್ಮೆ ಮಕ್ತಲಕ್ಕೆ ಹೋದೆವು. ಇಳಿದಿರಲಿಲ್ಲ, ಸ್ವಲ್ಪ ಏರಿತ್ತು. ಅತ್ತೆ ನೀರಿನ ವಿಮಾನ ತೆರೆಸಿದರು, ಮುಚ್ಚಿಸಿದರು. ಒಣ ವಿಮಾನ ತೆರೆಸಿದರು. ಎರಡರದ್ದೂ ದರ ಒಂದೇ, ಬಿಡಿ ರೂಪಾಯಿ ಕೂಡ ಒಂದೇ.

"ಇದೇನೋ ತಮ್ಮಾ, ಇಬ್ಬರೂ ಕೂಡಿ ಮಾತಾಡ್ಕೊಂಡಂಗ ಐತಿ."

"ಮಾತಾಡ್ಕೊಳ್ಳೋದೇನ್ರಿ, ಇಬ್ಬರೂ ಒಬ್ಬರ ಆದ್ರು."

ಅತ್ತೆ ಎದ್ದರು. ಒಂದು ಚಪ್ಪಲಿ ಹಾಕಿದರು, ನಿಂತರು, ಇನ್ನೊಂದು ಹಾಕಿದರು. ಊರಿಗೆ ಹೊರಡಲಿಲ್ಲ. ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ನನ್ನನ್ನೂ ಕೂರಿಸಿಕೊಂಡು ಚಹಾ ಕುಡಿದರು. ರಾಯಚೂರಿನ ಬಸ್ಸು ಬಂದು ಹೋಯಿತು. ಮತ್ತೆ ತಮ್ಮನ ಅಂಗಡಿಗೆ ಬಂದು ಬಾಗಿಲಲ್ಲೇ ನಿಂತು ಕೇಳಿದರು.

"ಕರದ್ರೇನೊ?"

ತಮ್ಮ ಯಾರದೋ ಪಹಣಿ ತೆಗೆಯುತ್ತಿದ್ದ. "ಒಕ್ಕ ನಿಮಿಷಂ ಆಗಂಡಿ" ಎಂದು ಗಿರಾಕಿಗೆ ತೆಲುಗಿನಲ್ಲಿ ತಡೆಯಲು ಹೇಳಿ, ಪರದೆ ನೋಡಿ, ತಲೆಯಾಡಿಸಿದ. "ಇಲ್ಲರಿ ಅತ್ತ್ಯಾರ. ನಾ ಒಂದು ಮಾತು ಹೇಳ್ಲೇನು? ಇದ್ದದ್ದಕ್ಕ ತಗೊಂಡುಬಿಡ್ರಿ."

"ಮಾಲು ಮಿಕ್ಕರ ಅವ ಏನು ಮಾಡ್ತಾನ? ಇಳಿಸಲೇಬೇಕಲ್ಲ?"

"ಮಾಲು ಮಿಗಾಕ ಬಿಡಂಗಿಲ್ರಿ ಅವ್ರು. ಎರಡು ವಿಮಾನ ಖಾಲಿ ಹಾರಿಸೋ ಬದಲಿ ಒಂದನ್ನ ನಿಲ್ಲಿಸಿ, ಇನ್ನೊಂದನ್ನ ತುಂಬಿಸ್ತಾರ."

ಅತ್ತೆಗೆ ಅದು ನಂಬುವ ಮಾತಾಗಿ ಕಾಣಲಿಲ್ಲ. ಮಾರುವವನು ಮಾಲನ್ನೇ ಕಡಿಮೆ ಮಾಡುವುದು ಎಂದರೆ ಏನು? ನಮ್ಮ ಕಪಾಟಿನಲ್ಲಿ ಸೀರೆ ಉಳಿದರೆ ಉಳಿದೇ ಇರುತ್ತದೆ. ಅದನ್ನು ಮಡಿಕೆ ಬದಲಿಸಿ ಇಡಬೇಕು, ಇಲ್ಲವೇ ಇಳಿಸಿ ಮಾರಬೇಕು. ಬಸ್ಸಿನಲ್ಲಿ ಬರುವಾಗ ನನಗೂ ಇದೇ ಗೊಂದಲ.

ಶ್ರಾವಣ ಕಳೆಯಿತು. ನಡುನಡುವೆ ಸೂರತ್ತಿನ ಫೋನು ಬರುತ್ತಿತ್ತು. ಚಿಕ್ಕತ್ತೆ ಈಗ ಬಾಗಿಲ ಮುಂದಿನ ರಂಗೋಲಿ ಕಾಣುತ್ತಿಲ್ಲ ಅನ್ನುವರು. ಇನ್ನೊಮ್ಮೆ, ಗೋಡೆಯ ಗಡಿಯಾರದ ಮುಳ್ಳು ಕಾಣುತ್ತಿಲ್ಲ ಅನ್ನುವರು. ಬರುವುದು ಯಾವಾಗ ಎಂದು ಮಾತ್ರ ಅವರು ಮತ್ತೆ ಕೇಳಲಿಲ್ಲ. ಕೇಳದೆ ಇದ್ದದ್ದು ಅತ್ತೆಗೆ ಹೆಚ್ಚು ತಟ್ಟುತ್ತಿತ್ತು ಎಂದು ನನಗೆ ಅನ್ನಿಸುತ್ತಿತ್ತು, ಏಕೆಂದರೆ ಫೋನು ಬಂದ ದಿನ ಅವರು ಒಂದೇ ರೊಟ್ಟಿಗೆ ಎದ್ದುಬಿಡುತ್ತಿದ್ದರು.

ಗಣಪತಿ ಹಬ್ಬವಾದ ಮೇಲೆ ತಮ್ಮ ಫೋನು ಮಾಡಿದ. ನೀರಿನ ವಿಮಾನದ ಹೆಸರೇ ಪಟ್ಟಿಯಿಂದ ಹೋಗಿದೆ, ಒಣ ವಿಮಾನವೂ ಇನ್ನು ಸೂರತ್ತಿಗೆ ನೇರ ಹೋಗುವುದಿಲ್ಲ. ಮುಂಬಯಿಗೆ ಹೋಗಿ ಅಲ್ಲಿಂದ ರೈಲು ಹಿಡಿಯಬೇಕು. ಮುಂಬಯಿಯ ದರವೂ ಮೊದಲು ಸೂರತ್ತಿಗೆ ಹೋಗಿ ಬಂದಷ್ಟಾಗಿದೆ.

ಅತ್ತೆ ಕೇಳಿದ್ದು ಒಂದೇ ಮಾತು. "ಮತ್ತ ಯಾರೂ ಹೊಸದಾಗಿ ಹಾಕಂಗಿಲ್ಲೇನು?"

"ಹಾಕಬಹುದ್ರಿ. ಯಾವಾಗ ಅಂತ ಹ್ಯಾಂಗ ಹೇಳ್ಲಿ?"

ಆ 'ಹಾಕಬಹುದು' ಎಂಬುದಕ್ಕೆ ಅತ್ತೆ ಇನ್ನೂ ಕೆಲವು ದಿನ ಜೋತುಬಿದ್ದರು. ನನ್ನ ಗಂಡ "ಅವ್ವಾ, ರೊಕ್ಕದ ವಿಚಾರ ಬಿಡು, ಹೋಗಿ ಬರ್ರಿ" ಎಂದರೂ ಕೇಳಲಿಲ್ಲ. ಅವರದು ಜಿಪುಣತನವಲ್ಲ. ಮೋಸ ಹೋಗಬಾರದು ಎಂಬ ಹಟ. ನೀರು ಕೊಡದ ವಿಮಾನಕ್ಕೆ ಮದುವೆ ಸೀರೆಯ ಧಾರಣೆ ಕೊಟ್ಟು ಕೂರುವುದು ಅವರಿಗೆ ಸೋತ ಹಾಗೆ.

ಮಹಾನವಮಿಗೆ ಗದ್ವಾಲಕ್ಕೆ, ಅತ್ತೆಯ ತವರಿಗೆ ಹೋದೆವು. ಜೂರಾಲ ಅಣೆಕಟ್ಟಿನ ಮೇಲೆ ಬಸ್ಸು ನಿಧಾನವಾದಾಗ ಅತ್ತೆ ಎಂದಿನಂತೆ ಕೃಷ್ಣೆಗೆ ಕೈಮುಗಿದರು. ತವರಿನಲ್ಲಿ ಅವರ ಅಣ್ಣ ಈಗಿಲ್ಲ, ವೈನಿ, ಎಂದರೆ ಅತ್ತಿಗೆ, ಇದ್ದಾರೆ. ಮಗ್ಗದ ಮನೆ. ಸೀರೆಯ ಒಡಲಿನ ನೂಲಿಗೆ ರೇಷ್ಮೆಯ ಅಂಚನ್ನು ಎಳೆಎಳೆಯಾಗಿ ಕೊಂಡಿ ಹಾಕುತ್ತ ಕೂತಿದ್ದ ವೈನಿ ಕೈ ನಿಲ್ಲಿಸದೆ ಕೇಳಿದರು.

"ಸೂರತ್ತಿಗೆ ಯಾವಾಗ ಹೊಂಟಿ?"

ಅತ್ತೆ ಎಲ್ಲ ಹೇಳಿದರು. ಎರಡು ಕಂಪನಿ ಕೂಡಿದ್ದು, ದರ ಏರಿದ್ದು, ನೇರ ವಿಮಾನ ನಿಂತದ್ದು, ಇನ್ನೊಂದು ಕಂಪನಿ ಬರಬಹುದು ಎಂಬುದು. ವೈನಿ ಪೂರಾ ಕೇಳಿ ಲಾಳಿಯನ್ನು ಪಕ್ಕಕ್ಕಿಟ್ಟರು.

"ಕಂಪನಿ ಬರೋತನ ಆಕಿ ಕಣ್ಣು ತಡೀತಾವೇನ? ಅವಕ್ಕ ನೀ ಹೇಳಿ ಬಂದೀಯೇನು, ಧಾರಣಿ ಇಳೀಲಿ ತಡೀರಿ ಅಂತ?"

ಅತ್ತೆಗೆ ಹಾಗೆ ಹೇಳುವವರು ಭೂಮಿಯ ಮೇಲೆ ಅವರೊಬ್ಬರೇ. ಅತ್ತೆ ಮಗ್ಗದ ಗುಂಡಿಯ ಅಂಚಿನಲ್ಲಿ ಕೂತರು. ನನ್ನ ಕಡೆ ತಿರುಗಿ, "ನಿನ್ನ ತಮ್ಮಗ ಫೋನ್ ಹಚ್ಚು," ಅಂದರು. ದರ ಎಷ್ಟೆಂದು ಕೇಳಲಿಲ್ಲ. ಎದುರಿಗೆ ಕೂರದೆ ಅವರು ಕೊಂಡ ಮೊದಲ ಟಿಕೆಟ್ ಅದು.

ದೀಪಾವಳಿಗೆ ಇನ್ನೂ ಕೆಲವು ದಿನವಿರುವಾಗ ಹೊರಟೆವು. ವಿಮಾನ ಕಿಕ್ಕಿರಿದು ತುಂಬಿತ್ತು, ಒಂದು ಸೀಟೂ ಖಾಲಿ ಇರಲಿಲ್ಲ. ಅತ್ತೆ ಹಿಂದೆ ಮುಂದೆ ಕತ್ತು ತಿರುಗಿಸಿ ನೋಡಿದರು. "ನಿನ್ನ ತಮ್ಮ ಹೇಳಿದ್ದು ಬರೋಬ್ಬರಿ ಐತಿ. ಅಂಗಡಿ ತುಂಬಿದವ ಯಾರನ್ನ ಯಾಕ ಕರೀತಾನ?" ಎಂದು ಕಿಟಕಿಯ ಕಡೆ ಮುಖ ಮಾಡಿದರು. ನಾನು ಅಂದು ಯೋಚಿಸುತ್ತ ಕೂತೆ. ಇಷ್ಟು ವರ್ಷ ನಮಗೆ ಅಗ್ಗವಾಗಿ ಸಿಕ್ಕಿದ್ದು ಯಾರ ಒಳ್ಳೆಯತನದಿಂದಲೂ ಅಲ್ಲ. ಒಬ್ಬರಿಗೆ ಇನ್ನೊಬ್ಬರ ಅಂಜಿಕೆ ಇತ್ತು, ಆ ಅಂಜಿಕೆಯ ನೆರಳಿನಲ್ಲಿ ನಮ್ಮಂಥವರು ಅಕ್ಕತಂಗಿಯರನ್ನು ನೋಡಿಕೊಂಡು ಬರುತ್ತಿದ್ದೆವು. ಇದು ದೊಡ್ಡವರಿಗೆ ಗೊತ್ತಿರುವ ಮಾತೇ ಇರಬೇಕು. ನನಗೆ ತಿಳಿದದ್ದು ಆ ಸೀಟಿನಲ್ಲಿ, ಅತ್ತೆಯ ಮೊಣಕೈ ನನ್ನ ಪಕ್ಕೆಗೆ ತಾಗುತ್ತಿದ್ದಾಗ.

ಮುಂಬಯಿಯಲ್ಲಿ ಇಳಿದು ಸ್ಟೇಶನ್ನಿಗೆ ಹೋಗಿ ರೈಲು ಹತ್ತಿದೆವು. ಅತ್ತೆ ಸೊಂಟಕ್ಕೆ ನನ್ನ ಶಾಲು ಸುತ್ತಿ ಒತ್ತುಕೊಟ್ಟುಕೊಂಡು ಕೂತರು. ನೋವಾಗುತ್ತಿದೆಯೇ ಎಂದರೆ, ಇಲ್ಲ ಅಂದರು. ಸೂರತ್ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು ಇಳಿಯುತ್ತಿತ್ತು. ಚಿಕ್ಕತ್ತೆಯ ಮನೆ ಇರುವ ಓಣಿಯ ತುಂಬ ಪವರ್‌ಲೂಮಿನ ಸದ್ದು. ಓಣಿಯ ತಿರುವಿನಲ್ಲೇ ಅತ್ತೆ ನಿಂತು, ಪ್ರಯಾಣದಲ್ಲಿ ಮುದುಡಿದ್ದ ಸೆರಗನ್ನು ಜಗ್ಗಿ ನೆಟ್ಟಗೆ ಮಾಡಿಕೊಂಡರು. ಸಾಸಿವೆ ಬಣ್ಣದ ಸೀರೆ, ಕೆಂಪು ಅಂಚು. ದೂರದಿಂದಲೂ ಕಣ್ಣಿಗೆ ಹೊಡೆಯುವಂಥದ್ದನ್ನೇ ಆರಿಸಿ ಉಟ್ಟಿದ್ದರು.

ಚಿಕ್ಕತ್ತೆ ಬಾಗಿಲ ಹತ್ತಿರ, ಬೆಳಕಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಸೊಸೆ "ಅತ್ತೀ, ದೊಡ್ಡತ್ತಿ ಬಂದ್ರು ನೋಡ್ರಿ" ಎಂದಳು. ಚಿಕ್ಕತ್ತೆ ಗಡಬಡಿಸಿ ಎದ್ದು ನಿಂತರು. ಮುಖದ ತುಂಬ ನಗು. ಆದರೆ ಅವರು ನೋಡುತ್ತಿದ್ದುದು ಅತ್ತೆಯನ್ನಲ್ಲ. ಅತ್ತೆಯಿಂದ ಒಂದು ಮಾರು ಆಚೆ, ನನ್ನ ಕೈಯ ಚೀಲದ ಕಡೆಗೆ.

ಅತ್ತೆ ಅದನ್ನು ಕಂಡರು. ಸದ್ದಿಲ್ಲದೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ತಂಗಿ ನೋಡುತ್ತಿದ್ದ ಜಾಗದಲ್ಲಿ ಹೋಗಿ ನಿಂತರು.

"ಬಂದೆ ನೋಡವ್ವ," ಅಂದರು. "ಕಾಣಾಕತ್ತೀನೇನ?"

"ಕಾಣಲಾರದಕ್ಕ ಏನಾಗೈತಿ? ಬರೋಬ್ಬರಿ ಕಾಣಾಕತ್ತಿ." ಚಿಕ್ಕತ್ತೆ ಕೈ ಚಾಚಿದರು. "ಸೊರಗಿ ಕಡ್ಡಿ ಆಗೀಯಲ್ಲ. ಸೀರಿ ಮಾತ್ರ ಚಲೋ ಐತಿ. ಹಸಿರು ನಿನಗ ಮೊದಲಿಂದಾನೂ ಒಪ್ಪತೈತಿ."

ಸೊಸೆ ನನ್ನ ಮುಖ ನೋಡಿದಳು. ಓಣಿಯ ಮಗ್ಗಗಳು ಒಂದೇ ಸಮನೆ ಬಡಿಯುತ್ತಿದ್ದವು. ಅತ್ತೆ ಒಮ್ಮೆ ತಮ್ಮ ಸೆರಗನ್ನು ನೋಡಿಕೊಂಡರು.

"ಹ್ಞೂಂ," ಅಂದರು. "ನಮ್ಮ ಮನ್ಯಾರು ಆರಿಸಿದ್ದು. ಹಸಿರ ಉಟ್ಕೊಂಡು ಹೋಗು ಅಂದ್ರು."

"ಅವರಿಗೆ ಯಾವಾಗ ಬಂತು ಇಷ್ಟು ಬುದ್ಧಿ?"

"ಮುದುಕ ಆದಮ್ಯಾಲ."

ಇಬ್ಬರೂ ಕೈಕೈ ಹಿಡಿದುಕೊಂಡು ಒಳಗೆ ಹೋದರು. ಒಳಗೆ ಒಂದೇ ಸಮನೆ ಮಾತು. ಯಾರು ಸತ್ತರು, ಯಾರ ಮದುವೆಯಾಯಿತು, ಗದ್ವಾಲದ ಓಣಿಯಲ್ಲಿ ಯಾವ ಮನೆ ಬಿತ್ತು, ಯಾವುದು ಎದ್ದಿತು. ನಾನು ತಂದ ಗಂಟು ಬಿಚ್ಚಲು ಅಡುಗೆಮನೆಗೆ ಹೋದೆ. ಸೊಸೆ ದನಿ ತಗ್ಗಿಸಿ ಹೇಳಿದಳು. "ಶ್ರಾವಣದಾಗ ಬಣ್ಣ ಗುರುತಾಗ್ತಿತ್ರಿ ಅಕ್ಕಾರ. ದಿನಾ ನನ್ನ ಸೀರಿ ಬಣ್ಣ ಹೇಳಿ ಪರೀಕ್ಷಾ ಮಾಡ್ಕೊಳ್ತಿದ್ರು. ಅಕ್ಕ ಬರೋತನ ಉಳಿಲಿ ಅಂತ. ಮಹಾನವಮಿ ಆದಮ್ಯಾಲ ಹೋಗಿಬಿಡ್ತು. ಈಗ ಬಾಗಿಲು ಎಲ್ಲೈತಿ, ಕಿಟಕಿ ಎಲ್ಲೈತಿ, ಅಷ್ಟ."

ನಾನು ರೊಟ್ಟಿಗಳನ್ನು ಬುಟ್ಟಿಗೆ ಹಾಕುತ್ತಿದ್ದೆ. ಮಕ್ತಲದಲ್ಲಿ ಆ ಮುಂಗಾರಿನ ದಿನ ಇದ್ದ ದರಕ್ಕೇ ಟಿಕೆಟ್ ತೆಗೆದಿದ್ದರೆ ನಾವು ಶ್ರಾವಣಕ್ಕೆ ಮೊದಲೇ ಈ ಮನೆಯಲ್ಲಿ ಇರುತ್ತಿದ್ದೆವು. ಸೊಸೆಗೆ ಅದು ಗೊತ್ತಿರಲಿಲ್ಲ. ಗೋಡೆಯ ಆಚೆ ಕೂತಿದ್ದ ಅತ್ತೆಗೆ ಗೊತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ನಾರಾಯಣಪೇಟೆಯಿಂದ ಮಾವನ ಫೋನು ಬಂತು. ಮುಟ್ಟಿದಿರಾ, ಊಟವಾಯಿತಾ ಎಂದು ವಿಚಾರಿಸಿದರು. ಆಮೇಲೆ ಕೇಳಿದರು. "ನೋಡಿದ್ಲೇನು ನಿನ್ನ?"

ಅತ್ತೆಯ ಪಕ್ಕದಲ್ಲೇ ಮಂಚದ ಮೇಲೆ ಚಿಕ್ಕತ್ತೆ ಕೂತಿದ್ದರು, ಕಿವಿಯೆಲ್ಲ ಈ ಕಡೆಗೇ.

"ನೋಡಿದ್ಲು," ಅಂದರು ಅತ್ತೆ. "ಸೊರಗೀಯಲ್ಲ ಅಂತ ಬೈದ್ಲು. ಸೀರಿ ಬಣ್ಣಾನೂ ಹೇಳಿದ್ಲು."

"ಹಂಗಾದ್ರ ಹೋಗಿದ್ದು ಚಲೋ ಆತು."

"ಹ್ಞೂಂ, ಚಲೋ ಆತು. ತಗೋರಿ, ನಿಮ್ಮ ಸೊಸಿ ಜೋಡಿ ಮಾತಾಡ್ರಿ," ಎಂದು ಫೋನನ್ನು ನನ್ನ ಕೈಗೆ ಕೊಟ್ಟರು. ಮಾವ ಅದನ್ನೇ ನನ್ನ ಬಾಯಿಂದಲೂ ಇನ್ನೊಮ್ಮೆ ಕೇಳಬಯಸಿದರು. ಬಣ್ಣ ಹೇಳಿದಳಂತಲ್ಲ, ಹೌದೇನವ್ವ ಅಂದರು.

"ಹೌದ್ರಿ ಮಾವಾರ," ಅಂದೆ ನಾನು. "ನೋಡಿದ ಕೂಡ್ಲೇ ಹೇಳಿದ್ರು."